ಫೋಟೊದ ಬೆನ್ನು ಓದಿ

ಮಕ್ಕಳೇ, ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಸುವವರನ್ನು ನೀವು ಕಂಡಿರುತ್ತೀರಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ವಿನೋಬನಗರದ ನಮ್ಮ ಮನೆಯಲ್ಲಿ ನಾನು ಕೂಡಿಸುತ್ತಿರುವುದು ಹಳೆಯ ಕ್ರಿಕೆಟ್ ಆಟಗಾರರ ಪತ್ರಿಕಾ ಫೋಟೊಗಳನ್ನು. ಇವು ಪೇಪರಿನಿಂದ ಕತ್ತರಿಸಿದ ಚಿತ್ರಗಳಲ್ಲ. ಅಚ್ಚಿಗೆ ಹೋಗುವ ಮೊದಲು ಫೋಟೊಗ್ರಾಫರು ತೊಳೆದು ಸಂಪಾದಕರ ಮೇಜಿಗೆ ಕಳಿಸುತ್ತಿದ್ದ ಕಪ್ಪು-ಬಿಳುಪು ಪ್ರತಿಗಳು.

ಲೋಕದವರು ಮುಖ ನೋಡಿ ಮಣೆ ಹಾಕುತ್ತಾರೆ. ಈ ಹವ್ಯಾಸದವರು ಬೆನ್ನು ನೋಡಿ ಬೆಲೆ ಕಟ್ಟುತ್ತಾರೆ! ಫೋಟೊ ತಿರುಗಿಸಿದರೆ ಸುದ್ದಿಸಂಸ್ಥೆಯ ಸೀಲು, ತಾರೀಖು, ಟೈಪ್ ಮಾಡಿ ಅಂಟಿಸಿದ ವಿವರದ ಚೀಟಿ ಸಿಗುತ್ತವೆ. ಆಗಲೇ ತೊಳೆದ ಪ್ರತಿಯೋ, ಎಷ್ಟೋ ವರ್ಷದ ಮೇಲೆ ಮಾಡಿದ ನಕಲೋ ಎಂಬುದಕ್ಕೆ ಅವೇ ಸಾಕ್ಷಿ. ತಾರೀಖು, ಸಹಿ ಇಲ್ಲದ ವೋಚರನ್ನು ನಾವು ಕೌಂಟರಿನಲ್ಲಿ ಒಪ್ಪುತ್ತಿದ್ದೆವೆಯೇ? ಇದೂ ಹಾಗೆಯೇ.

1974ರ ಮಾರ್ಚ್ ತಿಂಗಳು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸತತ 15 ಬಾರಿ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆ ತಂಡ ಸೆಮಿಫೈನಲ್ ಆಡಲು ಬೆಂಗಳೂರಿಗೆ ಬಂತು. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 162 ರನ್ ಹೊಡೆದರು. ನಾಯಕ ಪ್ರಸನ್ನ ಅವರು ಗಾವಸ್ಕರರನ್ನು ಬೌಲ್ಡ್ ಮಾಡಿದರು. ಬಾಂಬೆ ಸೋತಿತು, ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಕರ್ನಾಟಕ ಮೊದಲ ಬಾರಿ ಟ್ರೋಫಿ ತಂದಿತು. ವಿಶ್ವನಾಥರ ಸ್ಕ್ವೇರ್ ಕಟ್ ಫೋಟೊ ಕಂಡರೆ ನನ್ನ ವಯಸ್ಸಿನವರು ಆಟಗಾರ ಯಾರೆಂದು ಥಟ್ಟನೆ ಹೇಳುತ್ತೇವೆ. ಆದರೆ ಅದು ಆ ಪಂದ್ಯದ್ದೇ ಎಂದು ಹೇಳಬಲ್ಲದ್ದು ಹಿಂದಿನ ಚೀಟಿ ಮಾತ್ರ.

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಇಂಥ ಫೋಟೊಗಳಿಗೆ ಬಹಳ ಬೇಡಿಕೆ. ಅಲ್ಲಿನ ಮಹಾನ್ ಆಟಗಾರ ಬೇಬ್ ರೂತ್ 1948ರ ಜೂನ್ 13ರಂದು ಕಾಯಿಲೆಯಲ್ಲೇ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂಗೆ ಬಂದು, ಬ್ಯಾಟನ್ನು ಊರುಗೋಲಿನಂತೆ ಊರಿ ನಿಂತರು. ನ್ಯಾಟ್ ಫೈನ್ ಎಂಬ ಫೋಟೊಗ್ರಾಫರು ಅವರ ಬೆನ್ನ ಹಿಂದೆ ಹೋಗಿ ಕ್ಲಿಕ್ಕಿಸಿದರು. ಚಿತ್ರದಲ್ಲಿ ಮುಖವೇ ಕಾಣದು. ಆದರೂ ಅಂಗಿಯ ಮೇಲಿನ 3 ಎಂಬ ಅಂಕಿ ನೋಡಿ ಜನ ಗುರುತು ಹಿಡಿದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ರೂತ್ ಮಾತ್ರ ಎರಡೇ ತಿಂಗಳಲ್ಲಿ ತೀರಿಕೊಂಡಿದ್ದರು.

ನಮ್ಮ ಮನೆಯ ಟ್ರಂಕಿನಲ್ಲಿರುವವರ ಬೆನ್ನ ಮೇಲೆ ಯಾವ ನಂಬರೂ ಇಲ್ಲ. ನಮ್ಮಲ್ಲೊಂದು ಮದುವೆಯ ಗ್ರೂಪ್ ಫೋಟೊ ಇದೆ. ಅಕ್ಕ ಇದ್ದಾಗ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳುತ್ತಿದ್ದಳು. ಈಗ ಹಿಂದಿನ ಸಾಲಿನ ನಾಲ್ವರನ್ನು ತೋರಿಸಿ ಮೊಮ್ಮಗಳು, "ಅಜ್ಜಾ, ಇವರು ಯಾರು?" ಎಂದರೆ ಹೇಳುವವರಿಲ್ಲ.

ಆದ್ದರಿಂದ ಮಕ್ಕಳೇ, ಈ ಭಾನುವಾರ ಅಜ್ಜ-ಅಜ್ಜಿಯ ಪಕ್ಕ ಕುಳಿತು ಹತ್ತೇ ಹತ್ತು ಹಳೆಯ ಫೋಟೊ ತೆಗೆಯಿರಿ. ಕೈ ಒಣಗಿರಲಿ. ಶುಭ್ರ ಬಟ್ಟೆಯ ಮೇಲೆ ಫೋಟೊ ಮಗುಚಿ ಇಟ್ಟು, ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ: ಯಾರು, ಎಲ್ಲಿ, ಯಾವಾಗ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಪೆನ್ಸಿಲ್ ಹಿಡಿಯದ ನುಣುಪು ಕಾಗದವಾದರೆ ಚೀಟಿಯಲ್ಲಿ ಬರೆದು, ಫೋಟೊದ ಜೊತೆ ಲಕೋಟೆಯಲ್ಲಿಡಿ. ಖಾತ್ರಿ ಇಲ್ಲದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹಿರಿಯರೇ, "ಇನ್ನೊಮ್ಮೆ ಹೇಳಿದರಾಯಿತು" ಎನ್ನಬೇಡಿ. ಕನ್ನಡಕ ಹಾಕಿಕೊಂಡು ಮಕ್ಕಳ ಪಕ್ಕ ಕೂತುಬಿಡಿ.