ಪಂದ್ಯಕ್ಕೊಂದು ಕಾಲೇಜು ಬೇಡ. ಆಟಗಾರನಿಗೆ ಬೇಡಿಯೂ ಬೇಡ

ಕೃಷ್ಣೆಯ ಈ ದಂಡೆಯ ಜುಗೂಳ ಕರ್ನಾಟಕದ್ದು. ಆಚೆ ದಂಡೆಯ ಖಿದ್ರಾಪುರ ಮಹಾರಾಷ್ಟ್ರದ್ದು. ನಮ್ಮ ಹುಡುಗ ಕಾಗವಾಡದ ಕಾಲೇಜು ಸೇರಿದರೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಆಟಗಾರ. ನಿಪ್ಪಾಣಿಯ ಹುಡುಗ ಊರಿಗೆ ಹತ್ತಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋದರೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದವನು. ಕಾಲೇಜು ಬದಲಿಸುವ ಆಟಗಾರರಿಗೆ ಕಡಿವಾಣ ಬೇಕೆಂಬ ಮಾತು ಆದ್ದರಿಂದ ನಮಗೆ ದೂರದ ಸಂಗತಿಯಲ್ಲ. ನಮ್ಮ ಮಕ್ಕಳ ಪ್ರಶ್ನೆ.

ನಿಯಮಗಳೇನೋ ಇವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಪಂದ್ಯಗಳಲ್ಲಿ ಆಡುವವನು 25 ವರ್ಷದೊಳಗಿನವನಿರಬೇಕು, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷಣದಲ್ಲಿ ನಿಜವಾದ ವಿದ್ಯಾರ್ಥಿಯಾಗಿರಬೇಕು, ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ವಿಶ್ವವಿದ್ಯಾಲಯದ ಪರವಾಗಿ ಆಡಬೇಕು, ಪೂರ್ಣಾವಧಿ ನೌಕರಿಯಲ್ಲಿರಬಾರದು. ಇವುಗಳ ಉದ್ದೇಶ ಒಳ್ಳೆಯದೆಂದು ನಾವು ಒಪ್ಪುತ್ತೇವೆ. ವರ್ಷವಿಡೀ ಬೆವರು ಸುರಿಸಿದ ಊರ ಹುಡುಗನನ್ನು ಬದಿಗೆ ಸರಿಸಿ, ತರಗತಿಯ ಬಾಗಿಲನ್ನೇ ಕಾಣದ ಹೊರಗಿನವನನ್ನು ಪಂದ್ಯದ ತಿಂಗಳಲ್ಲಿ ಕರೆತಂದು ನಿಲ್ಲಿಸಿದರೆ ಅದು ಕ್ರೀಡೆಯಲ್ಲ, ಬಾಡಿಗೆ. ಅದಕ್ಕೆ ಮಿತಿ ಬೇಕೇ ಬೇಕು.

ಆದರೆ ಮಿತಿ ಯಾರಿಗೆ? ಉಗಾರದ ಸಕ್ಕರೆ ಕಾರಖಾನೆಯ ಸುತ್ತಲಿನ ನಾಡು ಇದು. ಕಬ್ಬು ನುರಿಸುವ ಹಂಗಾಮಿನ ನಾಲ್ಕು ತಿಂಗಳು ರಾತ್ರಿ ಪಾಳಿ ದುಡಿದು, ಹಗಲು ಕಾಲೇಜಿಗೆ ಹೋಗಿ, ಸಂಜೆ ಕಬಡ್ಡಿ ಆಡುವ ಬಡವರ ಮಗನನ್ನು 'ನೌಕರ'ನೆಂದು ಹೊರಗಿಟ್ಟರೆ ನ್ಯಾಯವೇ? 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಅಂಥ ವರ್ಷ ಮನೆ ಮಾರು ಬಿಟ್ಟು ನೆಂಟರೂರಿನ ಕಾಲೇಜು ಸೇರುವವನೂ, ಹಣದ ಆಸೆಗೆ ಹಾರುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರೇ?

ಅಮೇರಿಕೆಯ ಕಥೆ ನೋಡಿ. ಅಲ್ಲಿ ಬಹುಕಾಲ ದೊಡ್ಡ ಆಟಗಳಲ್ಲಿ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂಡಬೇಕಿತ್ತು. ಹೆಚ್ಚಿನ ಸಂಬಳಕ್ಕೆ ಹೋದ ತರಬೇತುದಾರನಿಗೆ ಅಂಥ ಶಿಕ್ಷೆ ಇರಲಿಲ್ಲ. 2024ರಲ್ಲಿ ಆ ಕಟ್ಟು ಸಡಿಲಾಗಿ, ಓದಿನಲ್ಲಿ ಹಿಂದೆ ಬೀಳದವನು ಎಷ್ಟು ಸಲ ಬದಲಿಸಿದರೂ ಆಡಬಹುದೆಂದಾಯಿತು. 2025ರಲ್ಲಿ ಕಾಲೇಜುಗಳೇ ಆಟಗಾರರಿಗೆ ಹಣ ಕೊಡುವ ಒಪ್ಪಂದಕ್ಕೆ ನ್ಯಾಯಾಲಯ ಮುದ್ರೆಯೊತ್ತಿತು. ಮೊದಲು ಆಟಗಾರನಿಗೆ ಸಂಕೋಲೆ, ಈಗ ಆಟಕ್ಕೆ ಸಂತೆ. ಈ ಎರಡೂ ನಮಗೆ ಬೇಡ.

ಗೆದ್ದ ಢಾಲು ಆಡಳಿತ ಮಂಡಳಿಯ ಕಪಾಟಿಗೆ ಹೋಗುತ್ತದೆ. ಗೆಲುವಿನ ಚಿತ್ರ ಮುಂದಿನ ವರ್ಷದ ಪ್ರವೇಶದ ಜಾಹೀರಾತಿಗೆ ಬರುತ್ತದೆ. ಮೊಣಕಾಲು ಮುರಿದ ಹುಡುಗ ಮಾತ್ರ ಮನೆಗೆ ಬರುತ್ತಾನೆ. ಗಿರಣಿಯಲ್ಲಿ ಕೈ ಕಳೆದುಕೊಂಡ ಕೂಲಿಕಾರನಿಗಾದರೂ ಪರಿಹಾರದ ಕಾಯಿದೆ 1923ರಲ್ಲೇ ಬಂತು. ಕಾಲೇಜಿಗೆ ಕೀರ್ತಿ ತಂದವನ ಪಾಡೇನು?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಒಂದು ವರ್ಷಕ್ಕೆ ಒಂದೇ ವಿಶ್ವವಿದ್ಯಾಲಯವೆಂಬ ಕಟ್ಟು ಇರಲಿ. ಆದರೆ ಓದಿಗಾಗಿ, ಹೊಟ್ಟೆಪಾಡಿಗಾಗಿ, ನೆರೆ ಹಾವಳಿಯಿಂದಾಗಿ ಬದಲಿಸಿದವನಿಗೆ ವಿನಾಯಿತಿ ಸಿಗಲಿ. ಹಂಗಾಮಿ ದುಡಿಮೆಯನ್ನು ಪೂರ್ಣ ನೌಕರಿಯೆಂದು ಎಣಿಸದಿರಲಿ. ಆಟಗಾರನಿಗೆ ಒಪ್ಪಿದ ಫೀ ಮಾಫಿ, ಊಟ, ವಸತಿ ಬರವಣಿಗೆಯಲ್ಲಿರಲಿ. ಗಾಯವಾದರೂ ಓದು ಮುಗಿಯುವತನಕ ನಡೆಯಲಿ. ತಂಡದ ಪ್ರತಿಯೊಬ್ಬನ ಹಾಜರಿ ಕಾಲೇಜಿನ ಫಲಕದ ಮೇಲೆ ಕಾಣಲಿ. ಸುಳ್ಳು ಹಾಜರಿ ಬರೆದರೆ ಶಿಕ್ಷೆ ಹುಡುಗನಿಗಲ್ಲ, ಬರೆಸಿದವರಿಗೆ ಆಗಲಿ.

ಪಂದ್ಯಾವಳಿಗೆ ಪಟ್ಟಿ ಕೊಡುವವರು ನಮ್ಮ ಅಂಗಡಿಕಾರರು. ಮೈದಾನದ ಸುತ್ತ ನಿಂತು ಕೂಗುವವರು ನಮ್ಮ ಗಿರಣಿ ಬಂಧುಗಳು. ಇನ್ನು ಮುಂದೆ ಪಟ್ಟಿ ಪುಸ್ತಕ ಅಂಗಡಿಗೆ ಬಂದಾಗ ಒಂದೇ ಮಾತು ಕೇಳಿರಿ: ಈ ಹುಡುಗರು ಎಲ್ಲಿ ಓದುತ್ತಾರೆ, ಬಿದ್ದರೆ ಎತ್ತುವವರು ಯಾರು? ಉತ್ತರ ಸಿಕ್ಕ ಮೇಲೆಯೇ ಕೈ ಗಲ್ಲಾಪೆಟ್ಟಿಗೆಗೆ ಹೋಗಲಿ.