ಸ್ಪರ್ಶಪರದೆಯ ಕೀರ್ತಿ ಯಾರದು?

ವಿಠ್ಠಲವಾಡಿಯ ಲೋಕಲ್ ಗಾಡಿಯಲ್ಲಿ ಇಂದು ಸ್ಪರ್ಶಪರದೆಯ ಮೇಲೆ ಬೆರಳಾಡಿಸದವರು ವಿರಳ. ಅದರ ಕೀರ್ತಿಯನ್ನೆಲ್ಲ ಜನ 2007ರ ಐಫೋನಿಗೇ ಸಲ್ಲಿಸುತ್ತಾರೆ. ಆದರೆ ಬ್ರಿಟನ್ನಿನ ಇ.ಎ. ಜಾನ್ಸನ್ ಇಂಥ ಪರದೆಯನ್ನು ವಿವರಿಸಿದ್ದು 1965ರಲ್ಲಿ. ಐಬಿಎಂ ಸಂಸ್ಥೆಯ ಸ್ಪರ್ಶಪರದೆಯ ದೂರವಾಣಿ 'ಸೈಮನ್' ಮಾರುಕಟ್ಟೆಗೆ ಬಂದದ್ದು 1994ರಲ್ಲಿ.

ನಮ್ಮ ಬೆಂಗಳೂರಿನಲ್ಲಿ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ವಿಜ್ಞಾನಿಗಳು ರೂಪಿಸಿದ ಸಿಂಪ್ಯೂಟರ್ ದೂರವಾಣಿಯಲ್ಲ, ಅಂಗೈಯಗಲದ ಗಣಕ. ಕಡ್ಡಿಯಿಂದ ಮುಟ್ಟಿದರೆ ಓದುಬಾರದವನಿಗೂ ಅವನ ಭಾಷೆಯಲ್ಲೇ ನೆರವಾಗಬೇಕೆಂಬುದು ಅದರ ಧ್ಯೇಯ. 2004ರಲ್ಲಿ ಸಾರ್ವಜನಿಕ ರಂಗದ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು. ನಿರೀಕ್ಷಿಸಿದಷ್ಟು ಸರಕಾರಿ ಖರೀದಿ ಮಾತ್ರ ಬರಲಿಲ್ಲ. ಕೇಂದ್ರ ಸರಕಾರದ ಅಧಿಕಾರಿಯಾದ ನಾನೂ ಆ ಉದಾಸೀನದಲ್ಲಿ ಪಾಲುಗಾರನೆ.

ನಾವೇ ಮೊದಲಿಗರೆಂಬ ಹುಸಿ ಹೆಮ್ಮೆ ಬೇಡ. ಆದರೆ ಬಡವನ ಬೆರಳನ್ನು ನೆನೆದು ಯಂತ್ರ ಕಟ್ಟಿದವರನ್ನು ಮರೆಯುವುದು ಕೃತಘ್ನತೆ.