ಏರಿನಲ್ಲಿ ನಿಂತ ಕಾರು

ಕಳೆದ ತಿಂಗಳು ನಾವು ಅಳಿಯಂದಿರ ಕಾರಿನಲ್ಲಿ ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನೇರುತ್ತಿದ್ದೆವು. ತಿರುವೊಂದರಲ್ಲಿ ಮುಂದಿನ ಬಸ್ಸು ನಿಂತಿತು, ನಾವೂ ನಿಂತೆವು. ಬಸ್ಸು ಹೊರಟೊಡನೆ ಅಳಿಯಂದಿರು ಬ್ರೇಕಿನಿಂದ ಕಾಲು ತೆಗೆದರು. ಅಷ್ಟರಲ್ಲಿ ಮೊಮ್ಮಗಳು ಏನನ್ನೋ ಕೇಳಿದಳು. ಅವರು ಅತ್ತ ತಿರುಗಿ ಉತ್ತರ ಹೇಳತೊಡಗಿದರು. ಕಾರು ಅಲುಗದೆ ನಿಂತಿದ್ದಿತು. ಉತ್ತರ ಮುಗಿಯುವ ಮೊದಲೇ ಹಿಂದಕ್ಕೆ ಉರುಳಿತು. ಹಿಂದೆ ಮಗುವನ್ನು ಕುಳ್ಳಿರಿಸಿಕೊಂಡ ದಂಪತಿಗಳ ಸ್ಕೂಟರು! ಬ್ರೇಕನ್ನೊತ್ತಿ ನಿಲ್ಲಿಸಿದಾಗ ನಡುವೆ ಉಳಿದದ್ದು ಒಂದು ಮೊಳ.

“ಹಿಲ್ ಸ್ಟಾರ್ಟ್ ಅಸಿಸ್ಟ್ ಇದೆಯಲ್ಲ ಮಾವ, ಅದೇ ಹಿಡಿದುಕೊಳ್ಳುತ್ತದೆ ಎಂದುಕೊಂಡೆ” ಎಂದರು ಅವರು, ಬೆವರೊರಸಿಕೊಳ್ಳುತ್ತ.

ಈ ನಂಬಿಕೆ ತಪ್ಪಿದುದೆಲ್ಲಿ? ಕಾರಿನೊಳಗಿನ ಸಂವೇದಕವೊಂದು ರಸ್ತೆಯ ಓರೆಯನ್ನು ಅಳೆಯುತ್ತದೆ. ಏರಿನಲ್ಲಿ ನಿಂತ ಚಾಲಕನು ಬ್ರೇಕಿನಿಂದ ಕಾಲೆತ್ತಿದರೂ, ಕೊಳವೆಯಲ್ಲಿನ ಬ್ರೇಕ್ ಎಣ್ಣೆಯ ಒತ್ತಡವನ್ನು ಕವಾಟಗಳು ತಡೆದಿಟ್ಟು ಚಕ್ರಗಳನ್ನು ಬಿಗಿಹಿಡಿಯುತ್ತವೆ. ಕಾಲು ಆಕ್ಸಿಲರೇಟರಿಗೆ ಬಂದು, ಎಂಜಿನ್ನಿನ ಎಳೆತವು ಸಾಕಾದೊಡನೆ ಹಿಡಿತವು ಸಡಿಲುವುದು. ಆದರೆ ಎಳೆತ ಬಾರದಿದ್ದರೂ ಸಾಮಾನ್ಯವಾಗಿ 2–3 ಸೆಕೆಂಡುಗಳಲ್ಲಿ ಅದು ಬಿಟ್ಟೇಬಿಡುವುದು. ಕಾಲನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಷ್ಟು ಅವಕಾಶವೇ ಹೊರತು ಮಾತಾಡುವಷ್ಟಲ್ಲ.

ಈ ಕಲ್ಪನೆ ಹೊಸದೇನೂ ಅಲ್ಲ. 1936ರಲ್ಲಿಯೇ ಅಮೆರಿಕದ ಸ್ಟುಡೆಬೇಕರ್ ಕಾರಿನಲ್ಲಿ ‘ಹಿಲ್ ಹೋಲ್ಡರ್’ ಎಂಬ ಸಾಧನವಿದ್ದಿತು. ಕಾರಿನ ಮೂತಿ ಮೇಲಾದಾಗ ಪುಟ್ಟ ಗುಂಡೊಂದು ಉರುಳಿ ಎಣ್ಣೆಯ ದಾರಿಯನ್ನು ಮುಚ್ಚುತ್ತಿದ್ದಿತು. ಕ್ಲಚ್ಚನ್ನು ತುಳಿದಿರುವವರೆಗೂ ಬ್ರೇಕು ಬಿಡುತ್ತಿರಲಿಲ್ಲ. ಅಲ್ಲಿ ಅವಧಿಯನ್ನು ನಿರ್ಣಯಿಸಿದುದು ಚಾಲಕನ ಪಾದ, ಇಲ್ಲಿ ಗಡಿಯಾರ.

ಬೇರೆ ಮಿತಿಗಳೂ ಉಂಟು. ಕೆಸರಿನಲ್ಲಿ, ಪಾಚಿಗಟ್ಟಿದ ರಸ್ತೆಯಲ್ಲಿ ಚಕ್ರವನ್ನು ಹಿಡಿದರೂ ಟೈರು ಜಾರಬಹುದು. ತುಂಬಿದ ಭಾರದಲ್ಲಿ, ಕಡಿದಾದ ಏರಿನಲ್ಲಿ, ಬ್ರೇಕನ್ನು ಹಗುರವಾಗಿ ತುಳಿದಿದ್ದರೆ ಹಿಡಿತವು ಸಾಲದೆ ಹೋಗಬಹುದು. ಕಾರನ್ನು ನಿಲ್ಲಿಸಿ ಇಳಿದುಹೋಗುವವರಿಗಂತೂ ಇದು ರಕ್ಷಣೆಯೇ ಅಲ್ಲ. ಆದುದರಿಂದ ಏರಿನಲ್ಲಿ ತುಸು ಹೊತ್ತು ನಿಲ್ಲಬೇಕಾದರೆ ಕೈಬ್ರೇಕನ್ನು ಎಳೆಯತಕ್ಕದ್ದು. ಹೊರಡುವಾಗ ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡುತ್ತ, ಕಾರು ಮುಂದಕ್ಕೆ ತುಡಿಯುವುದನ್ನು ಕಂಡು ಕೈಬ್ರೇಕನ್ನು ಇಳಿಸುವ ಹಳೆಯ ಪದ್ಧತಿಯನ್ನು ಮರೆಯಬಾರದು.

‘ಅಸಿಸ್ಟ್’ ಎಂದರೆ ಸಹಾಯ. ಸಂಸ್ಕೃತದಲ್ಲಿ ಸಹಾಯನೆಂದರೆ ಜತೆಯಲ್ಲಿ ನಡೆಯುವವನು. ನಮಗೆ ಬದಲಾಗಿ ನಡೆಯುವವನಲ್ಲ. ಅಂದು ಅಳಿಯಂದಿರಿಗೆ ನಾವು ಹೇಳಿದುದು ಇಷ್ಟೆ. ಮುಂದಿನ ತಿರುವಿನಲ್ಲಿ ಮತ್ತೆ ನಿಲ್ಲಬೇಕಾಯಿತು. ಅವರು ಕೈಬ್ರೇಕನ್ನು ಎಳೆದು, ಆಮೇಲೆ ಮೊಮ್ಮಗಳ ಕಡೆ ತಿರುಗಿದರು.